ಬಾಗಿಲು ಹಾಕಿದೆ

ಫೋನಕ್ಕನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ, ಸಹಿ ಹಾಕಿ ಮತ್ತೆ ಒಳಗೆ ಹೋಗುತ್ತದೆ ಎಂದು ಕೋಲ್ಡ್ ಸ್ಟೋರೇಜಿನವರು ತಮಾಷೆ ಮಾಡುತ್ತಿದ್ದರು. ಉಳಿದ ದಿನಗಳಲ್ಲೆಲ್ಲ ಅವಳು ಎಲ್ಲರಿಗೂ ಫೋನಕ್ಕ. ಅವಳಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು. ಅವಳು ಬೇಸರಪಡುತ್ತಿರಲಿಲ್ಲ. ಕರೆದರೆ ಓಗೊಡುವುದೇ ತನ್ನ ಕೆಲಸವೆಂದ ಮೇಲೆ ಯಾವ ಹೆಸರಾದರೇನು ಎನ್ನುತ್ತಿದ್ದಳು.

ಅವಳು ಕೂರುವ ಜಾಗ ಉದ್ದನೆಯ ಹಜಾರದ ನಟ್ಟನಡುವೆ ಇತ್ತು. ಮೂರು ಕಡೆ ಗಾಜು, ಒಂದು ಕಡೆ ಗೋಡೆ. ಒಳಗೆ ಒಂದು ಎತ್ತರದ ಸ್ಟೂಲು, ಅದರ ಮೇಲೆ ಅವಳೇ ಹೊಲಿದ ದಿಂಬು, ಎದುರಿಗೆ ಗುಂಡಿಗಳ ಹಲಗೆ, ಒಂದು ರಿಸೀವರು. ಹಜಾರದ ಎರಡೂ ಬದಿಗೆ ತಂಪು ಕೋಣೆಗಳು. ಅವುಗಳ ಬಾಗಿಲುಗಳು ಒಂದು ಗೇಣು ದಪ್ಪ, ಎರಡೂ ಮೈಗೆ ತಗಡು, ಅಂಚಿಗೆ ರಬ್ಬರು. ಒಮ್ಮೆ ಮುಚ್ಚಿದರೆ ಒಳಗೆ ಡೋಲು ಬಡಿದರೂ ಹೊರಗೆ ಕೇಳದು. ಪ್ರತಿ ಬಾಗಿಲಿನ ಪಕ್ಕದ ಗೋಡೆಗೂ ಒಂದು ಫೋನು. ಹಣ್ಣಿನ ಪೆಟ್ಟಿಗೆಗಳನ್ನು ಒಳಗೆ ಜೋಡಿಸಿ ಮುಗಿದ ಮೇಲೆ ಬಾಗಿಲಿನವನು ಹೊಸ್ತಿಲಲ್ಲಿ ನಿಂತು "ಒಳಗೆ ಯಾರಿದೀರಾ?" ಎಂದು ಗಟ್ಟಿಯಾಗಿ ಕೂಗಬೇಕು. ಉತ್ತರ ಬಾರದಿದ್ದರೆ ದೀಪ ಆರಿಸಿ, ಬಾಗಿಲು ಮುಚ್ಚಿ, ಫೋನಕ್ಕನಿಗೆ ತಿಳಿಸಬೇಕು. ಅವಳು ಮೆಷಿನ್ ರೂಮಿಗೆ ಹೇಳುತ್ತಾಳೆ. ಅಲ್ಲಿಂದ ಥಂಡಿ ಬಿಡುತ್ತಾರೆ.

ಅವಳ ಮಾತು ದಿನವೂ ಒಂದೇ. ಬಾಗಿಲಿನವನನ್ನು "ಬಾಗಿಲು ಹಾಕಿದ್ಯಾ?" ಎಂದು ಕೇಳುವಳು. ಅವನ ಉತ್ತರ ಬಂದೊಡನೆ ಇನ್ನೊಂದು ಗುಂಡಿ ಒತ್ತಿ, "ಇಂಥ ಕೋಣೆ ಬಾಗಿಲು ಹಾಕಿದೆಯಂತೆ, ಥಂಡಿ ಬಿಡಿ" ಎನ್ನುವಳು. ಆ 'ಅಂತೆ'ಯನ್ನು ಅವಳು ಎಂದೂ ಬಿಟ್ಟವಳಲ್ಲ. ಹುಡುಗಿಯಾಗಿದ್ದಾಗ ಅವಳ ಕಣ್ಣು ಮಂದವಿತ್ತು. ಕಪ್ಪು ಹಲಗೆಯ ಅಕ್ಷರಗಳು ಬಿಳಿಯ ಹುಳುಗಳಂತೆ ಕಾಣುತ್ತಿದ್ದುದರಿಂದ ಪಾಠವನ್ನೆಲ್ಲ ಕಿವಿಯಿಂದಲೇ ಕಲಿತಿದ್ದಳು. ಕಣ್ಣಾರೆ ಕಂಡದ್ದಕ್ಕೆ 'ಆಯಿತು', ಕಿವಿಯಿಂದ ತಿಳಿದದ್ದಕ್ಕೆ 'ಆಯಿತಂತೆ', ಈ ಗೆರೆ ದಾಟಬಾರದು ಎಂದು ಆಗಿನ ಮೇಷ್ಟರು ಹೇಳಿದ್ದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮೆಷಿನ್ ರೂಮಿನ ಮೇಸ್ತ್ರಿ ಅವಳನ್ನು ಅದಕ್ಕಾಗಿಯೇ ಕೆಣಕುತ್ತಿದ್ದ. "ಏನ್ ಫೋನಕ್ಕ, ಊಟ ಆಯ್ತೋ, ಆಯ್ತಂತೋ?" ಎನ್ನುತ್ತಿದ್ದ. "ನಂದಾಯ್ತು. ನಿಂದು ಆಯ್ತಂತೆ" ಎಂದು ಅವಳು ಫೋನು ಇಡುತ್ತಿದ್ದಳು.

ಅವಳ ತಮ್ಮ ನಾಲ್ಕನೆಯ ಕೋಣೆಯ ಬಾಗಿಲಿನವನು. ಅವನಿಗೆ ಆ ಕೆಲಸ ಕೊಡಿಸಿದವಳು ಅವಳೇ. ವಯಸ್ಸಿನಲ್ಲಿ ತುಂಬ ಚಿಕ್ಕವನು. ಅಪ್ಪ ತೀರಿಕೊಂಡಾಗ ಅವನಿಗೆ ಇನ್ನೂ ಮಾತು ಬಂದಿರಲಿಲ್ಲ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದಳು. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು 'ಅದು ಕಾಗೆ, ಇದು ಕಿಟಕಿ' ಎಂದು ಒಂದೊಂದೇ ಮಾತು ಕಲಿಸಿದವಳು ಅಕ್ಕ. ಮದುವೆಯ ಮಾತು ಬಂದಾಗಲೆಲ್ಲ ಅವನೊಬ್ಬ ದಡ ಸೇರಲಿ ಎಂದು ಮುಂದೆ ಹಾಕಿದಳು. ಅವನು ದಡ ಸೇರಿ ಹೆಂಡತಿಯನ್ನೂ ಕರೆತಂದ. ಆ ಹೊತ್ತಿಗೆ ಇವಳನ್ನು ಕೇಳುವವರೇ ಇರಲಿಲ್ಲ. ಅದಕ್ಕಾಗಿ ಅವಳು ಯಾರ ಮೇಲೂ ಮುನಿಸಿಕೊಳ್ಳಲಿಲ್ಲ. ತಮ್ಮ, ಅವನ ಹೆಂಡತಿ, ಕಿವಿ ಮಂದವಾದ ಅಮ್ಮ ಮತ್ತು ತಾನು, ಎರಡು ಕೋಣೆ ಒಂದು ಅಡುಗೆಮನೆ, ಇಷ್ಟೇ ಅವಳ ಸಂಸಾರ.

ಕೋಣೆಗಳಲ್ಲಿ ಹಣ್ಣು ಆರಿಸುವ ಹೆಂಗಸರಲ್ಲಿ ಒಬ್ಬಳನ್ನು ಗುನುಗಮ್ಮ ಎಂದು ಕರೆಯುತ್ತಿದ್ದರು. ಕೈ ಆಡುವಾಗ ಅವಳ ಗಂಟಲೂ ಆಡುತ್ತಿತ್ತು. ಯಾವ ಹಾಡೆಂದು ಕೇಳಿದರೆ ಅವಳಿಗೇ ತಿಳಿಯದು. ಬೆರಳಿನ ತುದಿಯಿಂದ ಒಂದಿಷ್ಟು ಒತ್ತಿದರೆ ಸಾಕು, ಹಣ್ಣಿನ ಒಳಪೆಟ್ಟು ಅವಳಿಗೆ ತಿಳಿಯುತ್ತಿತ್ತು. ಸಂಜೆ ಮನೆಗೆ ಹೊರಡುವಾಗ ಗಾಜಿನ ಪೆಟ್ಟಿಗೆಯ ಮುಂದೆ ಗುನುಗುತ್ತ ಹಾಯುವಳು. ಫೋನಕ್ಕ ತಲೆ ಎತ್ತದೆಯೇ ಕೈ ಎತ್ತುವಳು.

ಆ ದಿನ ಹಣ್ಣಿನ ಲಾರಿ ತಡವಾಗಿ ಬಂತು. ಇಳಿಸಿ ಮುಗಿಯುವಷ್ಟರಲ್ಲಿ ಎಲ್ಲರಿಗೂ ಮನೆಯ ಅವಸರ. ಲಾರಿಯ ಚಾಲಕ ತಮ್ಮನಿಗೆ ದಾರಿಯಲ್ಲಿ ಬಿಡುತ್ತೇನೆಂದು ಹೇಳಿ ಹಾರನ್ನು ಒತ್ತುತ್ತಿದ್ದ. ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕನೆಯ ಕೋಣೆಯ ಗಂಟೆ ಹೊಡೆಯಿತು.

"ಬಾಗಿಲು ಹಾಕಿದ್ಯಾ?" ಎಂದಳು ಫೋನಕ್ಕ.

"ಹಾಕ್ದೆ ಅಕ್ಕ" ಎಂದ ತಮ್ಮ.

ಅವಳು ಮೇಸ್ತ್ರಿಗೆ ಎಂದಿನಂತೆ ಹೇಳಿದಳು. "ನಾಲ್ಕನೇ ಕೋಣೆ ಹಾಕಿದೆಯಂತೆ, ಥಂಡಿ ಬಿಡಿ."

ಹೆಂಗಸರ ಗುಂಪು ಮಾತಾಡುತ್ತ ಹಾದುಹೋಯಿತು. ಹಜಾರ ಖಾಲಿಯಾಯಿತು. ದಿನದ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಗಂಟೆಯೇ ಕಳೆದಿತ್ತು. ಫೋನಕ್ಕ ಚೀಲ ಹೆಗಲಿಗೆ ಹಾಕಿಕೊಂಡಳು, ಆದರೆ ಏಳಲಿಲ್ಲ. ಏನೋ ಒಂದು ಕಡಿಮೆಯಾಗಿತ್ತು. ಅದೇನೆಂದು ತಿಳಿಯಲು ಕೊಂಚ ಹೊತ್ತು ಬೇಕಾಯಿತು. ಆ ಸಂಜೆ ಗುನುಗು ಅವಳ ಕಿವಿಗೆ ಬಿದ್ದಿರಲಿಲ್ಲ. ಬೇರೆ ಬಾಗಿಲಿನಿಂದ ಹೋಗಿರಬಹುದು ಎಂದುಕೊಂಡಳು. ಆದರೂ ಎದ್ದು ಹೋಗಿ ನಾಲ್ಕನೆಯ ಕೋಣೆಯ ಎದುರಿನ ಬೆಂಚಿನ ಕೆಳಗೆ ಬಗ್ಗಿ ನೋಡಿದಳು. ತಂಪು ಕೋಣೆಗೆ ಬೂಟು ತೊಟ್ಟು ಹೋಗುವವರು ತಮ್ಮ ಚಪ್ಪಲಿ ಬಿಡುವ ಜಾಗ ಅದು. ಒಂದು ಜೊತೆ ಚಪ್ಪಲಿ ಅಲ್ಲಿಯೇ ಇತ್ತು.

ಅವಳು ಫೋನು ಮಾಡಿದೊಡನೆ ಮೇಸ್ತ್ರಿ ಓಡಿ ಬಂದ. ಇಬ್ಬರೂ ಸೇರಿ ಬಾಗಿಲು ಎಳೆದರು. ಪೆಟ್ಟಿಗೆಗಳ ಸಾಲಿನ ಆಚೆ ಗುನುಗಮ್ಮ ಗೋಣಿಚೀಲ ಹೊದ್ದು ಮುದುಡಿ ಕೂತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು. ಆ ಕಟಕಟದ ನಡುವೆಯೂ ಗುನುಗುತ್ತಿದ್ದಳು. ನಿಲ್ಲಿಸಿದರೆ ನಿದ್ದೆ ಬಂದುಬಿಡುತ್ತದೆ ಎಂದು ಹೆದರಿದ್ದೆ ಎಂದು ಆಮೇಲೆ ಹೇಳಿದಳು. ಬಾಗಿಲಿಗೆ ಒಳಗಡೆಯಿಂದ ತೆಗೆಯುವ ಹಿಡಿಯೊಂದಿತ್ತು, ಆದರೆ ಅದು ಮುರಿದು ಎಷ್ಟೋ ಕಾಲವಾಗಿತ್ತು. ಅವಳು ಕತ್ತಲಲ್ಲಿ ಆ ಮುರಿದ ಹಿಡಿಯನ್ನೇ ಹಿಡಿದು ಜಗ್ಗಿದ್ದಳು. ಹಿಮಗಟ್ಟಿದ ಕಬ್ಬಿಣ ಎಡಗೈಯ ಬೆರಳುಗಳನ್ನು ತಿಂದಿತ್ತು. ಜೀವ ಉಳಿಯಿತು. ಬೆರಳುಗಳ ಮಾತನ್ನು ಡಾಕ್ಟರು ಖಚಿತವಾಗಿ ಹೇಳಲಿಲ್ಲ.

ಮಾರನೆಯ ದಿನವೇ ಎರಡು ಕಥೆಗಳು ಹುಟ್ಟಿಕೊಂಡವು. ಕನ್ನಡಕ ಬಿದ್ದಿತ್ತು, ಪೆಟ್ಟಿಗೆಗಳ ಹಿಂದೆ ಕೂತು ತಡಕುತ್ತಿದ್ದೆ, ಯಾರೂ ಕೂಗಲಿಲ್ಲ, ದೀಪ ಆರಿತು, ಬಾಗಿಲು ಮುಚ್ಚಿತು ಎಂದು ಗುನುಗಮ್ಮ ಹೇಳಿದಳು. ತಮ್ಮ ಹೇಳಿದ್ದು ಬೇರೆ. ತಾನು ಬರುವ ಹೊತ್ತಿಗೇ ದೀಪ ಆರಿ ಬಾಗಿಲು ಹಾಕಿತ್ತು, ಜೊತೆಯವನು ಯಾವನೋ ಕೂಗಿ ಮುಚ್ಚಿದ್ದಾನೆಂದು ತಿಳಿದು ಹಾಗೆಯೇ ಫೋನಿನಲ್ಲಿ ತಿಳಿಸಿದೆ, ಅವಳು ಆಮೇಲೆ ತಾನೇ ತೆಗೆದು ಒಳಗೆ ಹೋಗಿ ಎಳೆದುಕೊಂಡಿರಬೇಕು ಎಂದ. ಆಡಳಿತದವರು ನಿಯಮವನ್ನು ತೋರಿಸಿದರು. ಬಾಗಿಲು ಹಾಕಿದ ಮೇಲೆ ತಾನಾಗಿ ಒಳಗೆ ಹೋದವರ ಚಿಕಿತ್ಸೆಗೂ ಕೆಲಸಕ್ಕೂ ಕಂಪನಿ ಹೊಣೆಯಲ್ಲ. ಕೂಗದೆ ಬಾಗಿಲು ಹಾಕಿದ್ದರೆ ಬಾಗಿಲಿನವನ ತಲೆದಂಡ. ಮುರಿದ ಹಿಡಿಯ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಬೇಕಾದವರು ಮೇಜಿನ ಆಚೆ ಕೂತಿದ್ದರು.

ಹೀಗೆ ಒಬ್ಬಳ ಕೈ, ಒಬ್ಬನ ಕೆಲಸ ಎರಡೂ ಬಂದು ಫೋನಕ್ಕನ ಕಿವಿಯ ಮೇಲೆ ಕೂತವು. ಅವನು ಫೋನಿನಲ್ಲಿ ಏನೆಂದ ಎಂಬುದೇ ಪ್ರಶ್ನೆ.

ಅವಳಿಗೆ ಅನುಮಾನವಿರಲಿಲ್ಲ. ನಾವು ಮಾತಾಡುವಾಗ ಗಮನಿಸದೆ ಮಾಡುವ ಒಂದು ಭೇದವಿದೆ. ಬಾಗಿಲು ಮುಚ್ಚಿಕೊಂಡಿದೆ ಎನ್ನಬೇಕಾದರೆ 'ಬಾಗಿಲು ಹಾಕಿದೆ' ಎನ್ನುತ್ತೇವೆ. ನಡುವಿನ ಇಕಾರ ಸ್ಪಷ್ಟವಾಗಿ ಕೇಳುತ್ತದೆ. ನಾನೇ ಮುಚ್ಚಿದೆ ಎನ್ನಬೇಕಾದರೆ 'ಹಾಕ್ದೆ' ಎನ್ನುತ್ತೇವೆ. ಇಕಾರ ಗಂಟಲಲ್ಲೇ ಉಳಿದುಬಿಡುತ್ತದೆ. ಬರೆಯುವಾಗ ಮಾತ್ರ ಎರಡೂ 'ಹಾಕಿದೆ'. ಒಂದರಲ್ಲಿ ಮಾಡಿದವನಿದ್ದಾನೆ, ಇನ್ನೊಂದರಲ್ಲಿ ಬರಿಯ ಬಾಗಿಲಿದೆ. ಅವಳ ತಮ್ಮ ಆ ದಿನ ಇಕಾರವನ್ನು ಆಡಿರಲಿಲ್ಲ. ಅವನಿಗೆ ಮಾತು ಕಲಿಸಿದವಳ ಕಿವಿ ಅದು. ತಪ್ಪುವಂತಿರಲಿಲ್ಲ.

ಹಾಗಾದರೆ ಹೇಳಿಬಿಡಬಹುದಲ್ಲ ಎಂದರೆ, ಹೇಳುವುದು ಹೇಗೆ? ಅವನು ಕೂಗದೆ ಬಾಗಿಲು ಹಾಕಿದ್ದನ್ನು ಅವಳು ಕಂಡಿರಲಿಲ್ಲ. ಜೀವಮಾನವಿಡೀ 'ಅಂತೆ' ಹಚ್ಚಿ ಮಾತಾಡಿದವಳು ಈಗ 'ಅಂತೆ' ಇಲ್ಲದೆ ಒಬ್ಬ ಮನುಷ್ಯನ, ಅದೂ ತನ್ನ ತಮ್ಮನ, ಅನ್ನದ ಮಾತು ಆಡಬೇಕಾಗಿತ್ತು. ಕಿವಿಗೆ ಬಿದ್ದದ್ದು ಅರಿವೋ, ಊಹೆಯೋ? ಗಾಜಿನ ಪೆಟ್ಟಿಗೆಯಲ್ಲಿ ಕೂತು ಅವಳು ಇದನ್ನೇ ಮಗುಚಿ ಹಾಕುತ್ತಿದ್ದಳು. ಹಾಯುವವರೆಲ್ಲ ಈಗ ಒಳಗೆ ನೋಡುತ್ತಿದ್ದರು. ಮೂರು ಕಡೆ ಗಾಜಿರುವುದು ಅವಳಿಗೆ ಮೊದಲ ಬಾರಿ ಅರಿವಾಯಿತು.

ಮನೆಯಲ್ಲಿ ಬೇರೆ ಬಗೆಯ ಗಾಜು. ತಮ್ಮನ ಹೆಂಡತಿ ಮೊದಲಿನಂತೆಯೇ ತಟ್ಟೆ ಇಡುತ್ತಿದ್ದಳು, ಬಡಿಸುತ್ತಿದ್ದಳು, ಆದರೆ ತಟ್ಟೆ ನೆಲಕ್ಕೆ ತಾಗುವ ಸದ್ದು ಬೇರೆಯಾಗಿತ್ತು. ಒಂದು ದಿನ ಬಟ್ಟೆ ಮಡಿಸುತ್ತ, "ಅತ್ತಿಗೆ, ನಿಮ್ಮ ಕಿವಿ ಎಷ್ಟು ಚುರುಕು ಅಂತ ಎಲ್ಲರೂ ಹೊಗಳ್ತಾರೆ. ಅಷ್ಟು ಚುರುಕು ಇರೋದೂ ಒಳ್ಳೇದಲ್ಲ ಅನ್ಸುತ್ತೆ" ಎಂದಳು. ಅಮ್ಮನಿಗೆ ಯಾವುದೂ ಸರಿಯಾಗಿ ಕೇಳುತ್ತಿರಲಿಲ್ಲ. ಆದರೂ ಏನೋ ನಡೆದಿದೆಯೆಂದು ತಿಳಿದು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು.

ವಿಚಾರಣೆಯ ಹಿಂದಿನ ಸಂಜೆ ತಮ್ಮ ಅವಳ ಎದುರು ಬಂದು ಕೂತ. ಅಂಗಾಲು ಒತ್ತಿಕೊಂಡ.

"ಅಕ್ಕ, ಸುಳ್ಳು ಹೇಳು ಅಂತ ನಾನು ಕೇಳ್ತಿಲ್ಲ" ಎಂದ. "ನೀನು ಸುಳ್ಳು ಹೇಳೋಳಲ್ಲ, ಅದು ನನಗೂ ಗೊತ್ತು. ನಾನು ಫೋನಲ್ಲಿ ಏನಂದೆನೋ ಅಷ್ಟೇ ಹೇಳು. ಒಂದಕ್ಷರ ಹೆಚ್ಚು ಬೇಡ, ಒಂದಕ್ಷರ ಕಡಿಮೆ ಬೇಡ."

"ನೀನು ಒಳಗೆ ಕೂಗಿದ್ಯೇನೋ?" ಎಂದು ಕೇಳಿದಳು.

"ನಾನು ಬರೋ ಹೊತ್ತಿಗೆ ಬಾಗಿಲು ಹಾಕಿತ್ತು ಅಂದೆನಲ್ಲ."

"ನನ್ನ ಮುಖ ನೋಡಿ ಹೇಳು."

ಅವನು ಎದ್ದು ಹೋದ. ಒಂದಕ್ಷರದ ಮಾತನ್ನು ಅವನು ಸುಮ್ಮನೆ ಆಡಿರಲಿಲ್ಲ. ಆ ಮಾತಿನೊಳಗೆ ಬಿರುಕಿದೆ, ಅದರಲ್ಲಿ ತೂರಿ ಹೊರಗೆ ಹೋಗಬಹುದು ಎಂದು ಅವನಿಗೂ ತಿಳಿದಿತ್ತು. ಅವಳು ಅವನಿಗೆ ಕಲಿಸಿದ್ದ ಮಾತೇ ಅದು.

ಅವಳು ಚಪ್ಪಲಿ ಮೆಟ್ಟಿ ಗುನುಗಮ್ಮನ ಮನೆಗೆ ಹೋದಳು. ಎರಡೇ ಬೀದಿ ದೂರ. ಗುನುಗಮ್ಮ ಮಂಚದ ಮೇಲೆ, ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಏಳಲು ಹೋದವಳನ್ನು ಫೋನಕ್ಕ ತಡೆದಳು. ಗುನುಗಮ್ಮ ದೂರು ಹೇಳಲಿಲ್ಲ. ಚಪ್ಪಲಿ ನೋಡಿದ್ದಕ್ಕೆ ಜೀವ ಉಳಿಯಿತು, ಹೊಸದು ಕೊಳ್ಳೋಣ ಅಂತಿದ್ದೆ, ಇನ್ನು ಅದನ್ನೇ ಹೊಲಿಸಿ ಹಾಕಿಕೊಳ್ಳುತ್ತೇನೆ ಎಂದು ನಗಿಸಿದಳು. ಆಮೇಲೆ ತನ್ನ ಕೈಯನ್ನೇ ನೋಡುತ್ತ, "ಯಾರಾದ್ರೂ ಕೂಗಿದ್ರೆ ಓ ಅಂದಿರ್ತಿದ್ದೆ ಅಕ್ಕ. ಹಾಡು ನಿಲ್ಲಿಸಿ ಓ ಅಂದಿರ್ತಿದ್ದೆ" ಎಂದಳು. "ಈಗ ನನಗೇ ಅನುಮಾನ ಬರೋ ಹಾಗೆ ಮಾಡ್ತಿದಾರೆ. ನಾನೇ ಹಾಕ್ಕೊಂಡೆನೇನೋ ಅಂತ."

ಫೋನಕ್ಕ ಏನನ್ನೂ ಹೇಳದೆ ಎದ್ದು ಬಂದಳು. ಏನು ಹೇಳಿದರೂ ಅದು ಮಾತು ಕೊಟ್ಟಂತೆ ಆಗುತ್ತಿತ್ತು.

ವಿಚಾರಣೆ ಮಾಲು ತೂಗುವ ಕೋಣೆಯ ಪಕ್ಕದ ಕಚೇರಿಯಲ್ಲಿ ನಡೆಯಿತು. ಅಧಿಕಾರಿ ಹೊರಗಿನಿಂದ ಬಂದವರು, ಸೌಮ್ಯ ಮುಖ. ಅವರ ಎಡಕ್ಕೆ ಹೇಳಿಕೆ ಬರೆದುಕೊಳ್ಳುವ ಗುಮಾಸ್ತ, ನರೆತ ಮೀಸೆಯವರು, ತಿದ್ದಿದ ಅಕ್ಷರದವರು. ಗೋಡೆಯ ಬದಿಯ ಬೆಂಚಿನ ಮೇಲೆ ತಮ್ಮ ಕೂತಿದ್ದ, ಇನ್ನೊಂದು ತುದಿಯಲ್ಲಿ ಗುನುಗಮ್ಮ. ಮೇಸ್ತ್ರಿಯ ಹೇಳಿಕೆ ಆಗಲೇ ಆಗಿತ್ತು. 'ಹಾಕಿದೆಯಂತೆ ಎಂದು ಫೋನಿನಲ್ಲಿ ತಿಳಿಸಿದರು' ಎಂದು ಅವನು ಇದ್ದದ್ದನ್ನೇ ಹೇಳಿದ್ದ. ತಮ್ಮ ತಾನೇ ಹಾಕಿದನೆಂದು ಕೇಳಿಸಿದ್ದರೆ 'ಹಾಕಿದನಂತೆ' ಎನ್ನಬೇಕಾಗಿತ್ತಲ್ಲವೇ ಎಂದು ಅಧಿಕಾರಿ ಆಗಲೇ ಗುರುತು ಮಾಡಿಕೊಂಡಿದ್ದರು.

"ನೀವು ಕೇಳಿದ್ದೇನಮ್ಮ?" ಎಂದರು.

"'ಬಾಗಿಲು ಹಾಕಿದ್ಯಾ' ಅಂತ ಕೇಳಿದೆ ಸರ್."

"ಅದಲ್ಲ. ನಿಮ್ಮ ಕಿವಿಗೆ ಬಿದ್ದದ್ದೇನು?"

"ಓ, ಅದಾ. 'ಹಾಕ್ದೆ ಅಕ್ಕ' ಅಂದ."

ಗುಮಾಸ್ತರು ಬರೆದುಕೊಂಡು ಕನ್ನಡಕ ಸರಿಮಾಡಿ ಓದಿದರು. "'ಬಾಗಿಲು ಹಾಕಿದೆಯಾ ಎಂದು ಸಾಕ್ಷಿಯು ಕೇಳಲಾಗಿ, ಆತನು ಹಾಕಿದೆ ಎಂದು ಉತ್ತರಿಸಿದನು.'"

ಓದುವವರು ಅಕ್ಷರ ನುಂಗುವವರಾಗಿರಲಿಲ್ಲ. ಇಕಾರ ಗಂಟೆಯಂತೆ ಕೇಳಿಸಿತು. ಬಾಗಿಲು ಹಾಕಿದೆ. ಯಾರೂ ಹಾಕಿಲ್ಲ, ಅದಾಗಿ ಹಾಕಿದೆ. ತಾನು ಆಡಿದ ಸತ್ಯ ಕಾಗದಕ್ಕೆ ಹೋಗಿ ಬೇರೆಯಾಗಿ ಹಿಂದಕ್ಕೆ ಬಂದದ್ದನ್ನು ಅವಳು ಕೇಳಿದಳು. ಸಹಿ ಹಾಕಿದರೆ ಮುಗಿಯಿತು. ಒಂದು ಸುಳ್ಳನ್ನೂ ಆಡದೆ ತಮ್ಮನನ್ನು ಉಳಿಸಿಕೊಂಡು ಮನೆಗೆ ಹೋಗಬಹುದು. ಪೆನ್ನು ಅವಳ ಮುಂದೆಯೇ ಇತ್ತು.

"ಹಾಗಲ್ಲ ಸರ್" ಎಂದಳು. "ಅವನು 'ಹಾಕ್ದೆ' ಅಂದದ್ದು."

"ಬರೆದಿರುವುದೂ ಅದನ್ನೇ ಅಲ್ಲವೇನಮ್ಮ?" ಎಂದರು ಗುಮಾಸ್ತರು. "ಆಡುಮಾತನ್ನು ಹಾಗೆಯೇ ಬರೆಯಲಾಗದು."

"ಬರೆದದ್ದು ಅದೇ. ಓದಿದಾಗ ಬೇರೆ ಆಯ್ತು."

ಅಧಿಕಾರಿ ನಕ್ಕರು, ಆದರೆ ಹಂಗಿಸಲಿಲ್ಲ. ಬಿಡಿಸಿ ಹೇಳಿ ಎಂದರು. ಅವಳು ತೊದಲುತ್ತ, ಹಾಕ್ದೆ, ಹಾಕಿದೆ ಎಂದು ಎರಡನ್ನೂ ಆಡಿ ತೋರಿಸಿದಳು. ಅವರು ತಲೆದೂಗಿದರು. ವಿಷಯ ಅವರಿಗೆ ಅರ್ಥವಾಗಿತ್ತು. ಆದರೆ ಗೋಡೆಗೆ ಹೊಡೆದ ಹಳೆಯ ಫೋನು, ಹೊರಗೆ ಲಾರಿಯ ಹಾರನ್ನು, ಅಷ್ಟರ ನಡುವೆ ಒಂದು ಇಕಾರ ಇತ್ತೋ ಇಲ್ಲವೋ ಎಂಬುದನ್ನು ನಂಬಿ ಒಬ್ಬನ ಕೆಲಸ ತೆಗೆಯುವುದು ಹೇಗೆ ಎಂದು ಕೇಳಿದರು.

"ಅದನ್ನೇ ನಂಬಿ ಅವರನ್ನ ಮನೆಗೆ ಕಳಿಸೋದೂ ಹೇಗೆ ಸರ್?" ಎಂದಳು ಅವಳು. ಗುನುಗಮ್ಮನ ಕಡೆ ನೋಡಲಿಲ್ಲ.

ಗುಮಾಸ್ತರು ಪೆನ್ನನ್ನು ಕಾಗದದಿಂದ ಎತ್ತಿ, ತಮಗೆ ತಾವೇ ಹೇಳಿಕೊಳ್ಳುವಂತೆ ಮೆಲ್ಲನೆ ನುಡಿದರು. "ಕರ್ತೃಪದವೊಂದು ಇದ್ದಿದ್ದರೆ ಈ ಗೋಜೇ ಇರುತ್ತಿರಲಿಲ್ಲ. 'ನಾನು' ಎಂಬ ಒಂದು ಮಾತು ಸಾಕಿತ್ತು."

ಅಧಿಕಾರಿ ಮುಂದಕ್ಕೆ ಬಾಗಿದರು. "ನೆನಪು ಮಾಡಿಕೊಂಡು ಹೇಳಿ ಅಮ್ಮ. ಅವರು 'ನಾನು' ಅಂದರೇ?"

ಅಂದಿರಲಿಲ್ಲ. ಯಾರು ಅನ್ನುತ್ತಾರೆ? ಊಟ ಮಾಡಿದೆ, ನೀರು ತಂದೆ, ಬಾಗಿಲು ಹಾಕ್ದೆ. ನಮ್ಮ ಮಾತಿನಲ್ಲಿ 'ನಾನು' ಕ್ರಿಯಾಪದದ ಬಾಲದಲ್ಲಿಯೇ ಕೂತಿರುತ್ತಾನೆ. ಅವನನ್ನು ಬೇರೆಯಾಗಿ ಕರೆಯುವುದು ಜಂಬಕ್ಕೆ, ಇಲ್ಲವೆ ಜಗಳಕ್ಕೆ. ಅವನು ಆಡಿದ್ದನ್ನು ಆಡಿದ ಹಾಗೆಯೇ ಹೇಳಿದರೆ ಆಗದೇ ಇದ್ದದ್ದು ನಿಲ್ಲುತ್ತದೆ. ಆದದ್ದು ನಿಲ್ಲಬೇಕಾದರೆ ಅವನು ಆಡದೇ ಇದ್ದ ಮಾತನ್ನು ಅವನ ಬಾಯಲ್ಲಿ ಇಡಬೇಕು. ಇತ್ತ ಬಂದರೂ ಬಾಗಿಲು, ಅತ್ತ ಹೋದರೂ ಬಾಗಿಲು, ಒಳಗೆ ಹಿಡಿಯಿಲ್ಲ.

ತಮ್ಮ ಆ ಬೆಳಿಗ್ಗೆ ಮೊದಲ ಬಾರಿ ಅವಳ ಮುಖವನ್ನು ನೋಡಿದ. ಅವನ ಕಣ್ಣಿನಲ್ಲಿ ಕೋಪವಿರಲಿಲ್ಲ. ನೆಮ್ಮದಿಯಿತ್ತು. ಅಕ್ಕ ಸುಳ್ಳು ಹೇಳುವುದಿಲ್ಲ ಎಂಬ ಹಳೆಯ ನೆಮ್ಮದಿ.

"ಅಂದ" ಎಂದಳು ಫೋನಕ್ಕ. "'ನಾನು ಹಾಕ್ದೆ ಅಕ್ಕ' ಅಂದ."

ತಮ್ಮ ಧಡಕ್ಕನೆ ಎದ್ದ. ಬೆಂಚು ಹಿಂದಕ್ಕೆ ಸರಿಯಿತು. "ಇಲ್ಲ ಸರ್, ಅಕ್ಕ ಸುಳ್ಳು ಹೇಳ್ತಿದಾಳೆ. ನಾನು ಅಂತ ಅನ್ನಲೇ ಇಲ್ಲ. ಬರೀ 'ಹಾಕ್ದೆ' ಅಂದೆ, ಅಷ್ಟೇ."

ಆಡಿದ ಮೇಲೆ ಅವನಿಗೇ ಕೇಳಿಸಿತು. ನಿಂತವನು ನಿಂತೇ ಇದ್ದ. ಅಧಿಕಾರಿ ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ಅದನ್ನೂ ಬರೆದುಕೊಂಡರು. ಬರೆಯುವವರು ಬರೆಯುವ ಹಾಗೆ 'ಹಾಕಿದೆ' ಎಂದೇ ಬರೆದುಕೊಂಡರು.

ತೀರ್ಮಾನ ಬರಲು ತಡವಾಗಲಿಲ್ಲ. 'ನಾನು' ಎಂದು ಸಾಕ್ಷಿ ಖಚಿತವಾಗಿ ಹೇಳಿರುವುದರಿಂದ ಎಂದು ಕಾರಣ ಕೊಟ್ಟಿದ್ದರು. ಗುನುಗಮ್ಮನ ಚಿಕಿತ್ಸೆ ಕಂಪನಿಯ ಪಾಲಿಗೆ ಬಂತು, ಕೈ ವಾಸಿಯಾದ ಮೇಲೆ ಕೆಲಸವೂ. ತಮ್ಮನನ್ನು ಮನೆಗೆ ಕಳಿಸಲಿಲ್ಲ. ಬಾಗಿಲಿನಿಂದ ತೆಗೆದು ಲಾರಿಯಿಂದ ಪೆಟ್ಟಿಗೆ ಇಳಿಸುವವರ ಜೊತೆಗೆ ಹಾಕಿದರು. ಅವನ ಬೆನ್ನು ಅದಕ್ಕೆ ಒಗ್ಗಿದ್ದಲ್ಲ. ಪೆಟ್ಟಿಗೆ ಹೊತ್ತು ದಿನವೂ ಗಾಜಿನ ಮುಂದೆಯೇ ಹಾಯಬೇಕು. ಹೊರೆ ಅವನ ಎಡ ಹೆಗಲ ಮೇಲಿರುತ್ತಿತ್ತು, ಮುಖ ಮರೆಯಾಗುವ ಹಾಗೆ. ಮುರಿದ ಹಿಡಿಯ ಜಾಗಕ್ಕೆ ಹೊಸ ಹಿಡಿ ಸದ್ದಿಲ್ಲದೆ ಬಂದು ಕೂತಿತು. ಬಾಗಿಲಿನವರೆಲ್ಲ ಇನ್ನು ಮುಂದೆ ಪೂರ್ಣ ವಾಕ್ಯ ಆಡಬೇಕೆಂದು ಅಪ್ಪಣೆಯಾಯಿತು. ನಾಲ್ಕನೆಯ ಕೋಣೆಯ ಹೊಸಬ "ನಾನು ಬಾಗಿಲನ್ನು ಹಾಕಿದೆನು" ಎಂದು ನಾಟಕದ ರಾಜನ ಹಾಗೆ ಫೋನಿನಲ್ಲಿ ಘೋಷಿಸುತ್ತಿದ್ದ. ಮೇಸ್ತ್ರಿ ನಕ್ಕು ಸಾಯುತ್ತಿದ್ದ. ಫೋನಕ್ಕನಿಗೆ ನಗು ಬರುತ್ತಿರಲಿಲ್ಲ.

ಗುನುಗಮ್ಮ ಕೆಲಸಕ್ಕೆ ಮರಳಿದ ದಿನ ಗಾಜಿನ ಮುಂದೆ ನಿಂತಳು. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. "ನಿಜ ಹೇಳಿದ್ರಿ ಅಕ್ಕ. ಸ್ವಂತ ತಮ್ಮನ ಎದುರಿಗೆ ನಿಜ ಹೇಳಿದ್ರಿ" ಎಂದಳು. ಒಂದು ಮಾತು ಮಾತ್ರ ನಿಜವಲ್ಲ ಎಂದು ಹೇಳಲು ಫೋನಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ರಿಸೀವರು ಎತ್ತಿಕೊಂಡಳು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಅವನೇ ಎಡವಿ ನಿಜ ಆಡುತ್ತಿದ್ದನೇ, ಅಥವಾ ತಾನು ಸುಳ್ಳಾಡಿದ್ದರಿಂದಲೇ ಅವನ ಬಾಯಿಂದ ನಿಜ ಬಿತ್ತೇ ಎಂದು ಅವಳು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಮೇಸ್ತ್ರಿಗೆ 'ಅಂತೆ' ಹಚ್ಚಿ ಹೇಳುವುದನ್ನು ಅವಳು ಬಿಡಲಿಲ್ಲ. ಆದರೆ ಹಾಗೆನ್ನುವಾಗಲೆಲ್ಲ ನಾಲಿಗೆ ಒಂದು ಕ್ಷಣ ತಡೆಯುತ್ತಿತ್ತು.

ಮನೆಯಲ್ಲಿ ತಮ್ಮ ಅವಳೊಡನೆ ಮಾತು ಬಿಟ್ಟ. ಬೇರೆ ಮನೆ ಮಾಡುವ ಶಕ್ತಿ ಅವನಿಗಿರಲಿಲ್ಲ. ಅಮ್ಮನನ್ನು ಬಿಟ್ಟು ಹೋಗುವ ಮನಸ್ಸು ಅವಳಿಗಿರಲಿಲ್ಲ. ತಮ್ಮನ ಹೆಂಡತಿ ನೆರೆಯವರ ಮುಂದೆ, ನಮ್ಮವರು ತಪ್ಪು ಮಾಡಿದ್ರೋ ಇಲ್ವೋ ಬೇರೆ ಮಾತು, 'ನಾನು' ಅಂತ ಮಾತ್ರ ಅಂದಿರಲಿಲ್ಲ, ಅದು ಅತ್ತಿಗೆಗೂ ಗೊತ್ತು ಎನ್ನುತ್ತಿದ್ದಳು. ಕಿಟಕಿಯೊಳಗಿಂದ ಕೇಳುತ್ತ ಕೂತ ಅತ್ತಿಗೆ ಅದನ್ನು ಅಲ್ಲಗಳೆಯುವಂತಿರಲಿಲ್ಲ. ಅದು ನಿಜವಾಗಿತ್ತು.

ಒಂದು ಸಂಜೆ ದೀಪ ಹಚ್ಚುವ ಹೊತ್ತು. ತಮ್ಮ ಕೆಲಸ ಮುಗಿಸಿ ಒಳಗೆ ಬಂದು ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ಅಮ್ಮ ಒಳಕೋಣೆಯ ಮಂಚದಿಂದ ಎಂದಿನಂತೆ ಕೂಗಿದಳು. "ಬಾಗಿಲು ಹಾಕಿದ್ಯಾ?"

ಮೊದಲಾದರೆ ಯಾರಾದರೊಬ್ಬರು ಕೂಗಿ ಹೇಳುತ್ತಿದ್ದರು. ಆ ದಿನ ಯಾರೂ ಹೇಳಲಿಲ್ಲ. ಅಮ್ಮ ಮತ್ತೆ ಕೇಳಿದಳು.

"ಅಕ್ಕನ್ನ ಕೇಳಮ್ಮ" ಎಂದ ತಮ್ಮ, ಅಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ. "ನಾನು ಏನಂದೆ ಅಂತ ಅವಳೇ ಹೇಳ್ತಾಳೆ."

ಅವನ ಹೆಂಡತಿಯ ಕೈ ಎಣ್ಣೆಯ ಬಟ್ಟಲಲ್ಲಿ ನಿಂತಿತು. ಫೋನಕ್ಕ ಎದ್ದು ಹೋಗಿ ಬಾಗಿಲನ್ನು ಮುಟ್ಟಿ ನೋಡಿದಳು. ಮುಚ್ಚಿತ್ತು. ಚಿಲಕ ಬಿದ್ದಿತ್ತು. ಚಿಲಕದ ಮೇಲೆ ಎಣ್ಣೆಯಿರಲಿಲ್ಲ, ಪೆಟ್ಟಿಗೆ ಹೊತ್ತ ಕೈಯ ಧೂಳಿತ್ತು.

"ಹಾಕಿದೆ" ಎಂದು ಕೂಗಿದಳು, ಇಕಾರವನ್ನು ಒತ್ತಿ.

"ಯಾರು, ನೀನಾ?" ಎಂದಳು ಅಮ್ಮ.

ಅವಳು ಚಿಲಕದ ಮೇಲೆ ಕೈಯಿಟ್ಟುಕೊಂಡು ಅಲ್ಲಿಯೇ ನಿಂತಳು. ಹಿಂದಿನಿಂದ ಅವನು ಏನಾದರೂ ಹೇಳುತ್ತಾನೇನೋ ಎಂದು ಕಿವಿಗೊಟ್ಟಳು. ಬಟ್ಟಲು ನೆಲಕ್ಕಿಟ್ಟ ಸದ್ದು ಕೇಳಿಸಿತು, ಅಷ್ಟೇ.